‘ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ’

ಎಲ್ಲರಿಗೂ ನಮಸ್ಕಾರ. ಭಾಷಣ ಶುರುವಾಗುವಾಗ ಫೋನ್ ಒಳಗಿಡಿ ಅನ್ನುವುದು ವಾಡಿಕೆ. ಇವತ್ತು ಹೊರಗೆ ತೆಗೆಯಿರಿ. ಆಂಡ್ರಾಯ್ಡ್ ಇರುವವರು ಸೆಟ್ಟಿಂಗ್ಸ್‌ಗೆ ಹೋಗಿ ‘ಸೆಕ್ಯುರಿಟಿ ಅಪ್‌ಡೇಟ್’ ಅಂತ ಹುಡುಕಿ. ಅಲ್ಲೊಂದು ತಾರೀಕು ಇರುತ್ತದೆ. ನೋಡಿಟ್ಟುಕೊಳ್ಳಿ.

ನಮ್ಮ ಅತ್ತಿಗೆ ಹಬ್ಬದ ಆಫರ್‌ನಲ್ಲಿ ಒಂದು ಫೋನ್ ಕೊಂಡರು. ಸೀಲ್ ಒಡೆಯದ ಡಬ್ಬಿ, ಹೊಳೆಯುವ ಫೋನ್. ಆದರೆ ಆ ಮಾಡೆಲ್ ಮಾರುಕಟ್ಟೆಗೆ ಬಂದು ಆಗಲೇ ಎರಡು ವರ್ಷ ಕಳೆದಿತ್ತು. ಕಂಪನಿ ಹೇಳಿದ್ದ ಮೂರು ವರ್ಷದ ಅಪ್‌ಡೇಟ್‌ನಲ್ಲಿ ಅತ್ತಿಗೆಯ ಪಾಲಿಗೆ ಉಳಿದಿದ್ದು ಒಂದೇ ವರ್ಷ. ಆಮೇಲೆ ‘ಚೆಕ್ ಫಾರ್ ಅಪ್‌ಡೇಟ್’ ಒತ್ತಿದಾಗಲೆಲ್ಲ ಹಸಿರು ಟಿಕ್ ಬಂದು ‘ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ’ ಅನ್ನುತ್ತಿತ್ತು. ಅದರ ಕೆಳಗೇ 14 ತಿಂಗಳ ಹಿಂದಿನ ತಾರೀಕು! ಸುಳ್ಳು ಅನ್ನೋಕೂ ಬರಲ್ಲ. ಅನ್ನದ ಪಾತ್ರೆ ಖಾಲಿಯಾದ ಮೇಲೆ ‘ಎಲ್ಲರಿಗೂ ಬಡಿಸಿ ಆಯ್ತು’ ಅಂದ ಹಾಗೆ, ಅಷ್ಟೇ.

ಅಪ್‌ಡೇಟ್‌ನಲ್ಲಿ ಎರಡು ಬಗೆ. ಹೊಸ ಆಂಡ್ರಾಯ್ಡ್ ವರ್ಷನ್ ಒಂದು. ಅದು ಬರದಿದ್ದರೆ ಹೊಸ ಐಕಾನ್ ಸಿಗಲ್ಲ, ಅಂಥ ನಷ್ಟವೇನಿಲ್ಲ. ಇನ್ನೊಂದು ಸೆಕ್ಯುರಿಟಿ ಪ್ಯಾಚ್, ಅಂದರೆ ಕಳ್ಳ ನುಗ್ಗುವ ಕಂಡಿಗೆ ಹಾಕುವ ತೇಪೆ. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಅನ್ನುವ ದೋಷ ಬಯಲಾಯಿತು. ಕಿತಾಪತಿ ಮಾಡಿದ ಒಂದು ವಿಡಿಯೋ ಇರುವ ಎಂಎಂಎಸ್ ಕಳಿಸಿದರೆ ಸಾಕು, ಫೋನಿಗೆ ನುಗ್ಗಬಹುದಿತ್ತು. ಆ ಆಗಸ್ಟ್‌ನಿಂದಲೇ ಗೂಗಲ್ ತಿಂಗಳಿಗೊಮ್ಮೆ ಪ್ಯಾಚ್ ಬಿಡಲು ಶುರುಮಾಡಿತು. ಫೋನಿನಲ್ಲೇ ದುಡ್ಡು ಕಳಿಸುವ ನಮಗೆ ಬೇಕಾಗಿರುವುದು ಈ ಎರಡನೆಯದು.

ಹಾಗಾದರೆ ಕೊಡೋದು ನಿಲ್ಲಿಸೋದು ಯಾಕೆ? ಕಂಪನಿಗಳಿಗೆ ಹೊಸ ಫೋನ್ ಮಾರಬೇಕು, ಅದಂತೂ ಇದ್ದೇ ಇದೆ. ಆದರೆ ಅದೊಂದೇ ಅಲ್ಲ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಕಂಪನಿಯ ಉದಾಹರಣೆ ನೋಡಿ. ಬಾಳಿಕೆ ಬರುವ ಫೋನ್ ಮಾಡಬೇಕು ಅಂತಲೇ ಹುಟ್ಟಿದ್ದು ಅದು. 2015ರಲ್ಲಿ ಆಂಡ್ರಾಯ್ಡ್ 5 ಹಾಕಿ ಫೇರ್‌ಫೋನ್ 2 ತಂದರು. ಅದರೊಳಗಿದ್ದದ್ದು ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ 801 ಚಿಪ್. ಆಂಡ್ರಾಯ್ಡ್ 6 ಆದ ಮೇಲೆ ಆ ಚಿಪ್‌ಗೆ ಕ್ವಾಲ್ಕಾಮ್ ಕೈ ಎತ್ತಿತು. ಚಿಪ್‌ನ ಡ್ರೈವರ್, ಅಂದರೆ ಚಿಪ್‌ಗೂ ಆಂಡ್ರಾಯ್ಡ್‌ಗೂ ಮಾತು ಕೂಡಿಸುವ ಸಾಫ್ಟ್‌ವೇರ್, ಕೊಡೋರೇ ಇಲ್ಲ ಅಂದ ಮೇಲೆ ಫೋನ್ ಮಾಡಿದವರು ಏನು ಮಾಡಬೇಕು? ಇವರು ಹಟ ಬಿಡಲಿಲ್ಲ. ಹವ್ಯಾಸಿ ಡೆವಲಪರ್‌ಗಳ ಕೆಲಸವನ್ನೂ ಸೇರಿಸಿಕೊಂಡು, ಕುಂಟುತ್ತಾ ಆಂಡ್ರಾಯ್ಡ್ 10ರವರೆಗೆ ಬಂದರು. 2023ರ ಮಾರ್ಚ್‌ವರೆಗೆ ಅಪ್‌ಡೇಟ್ ಕೊಟ್ಟರು. ಪಾಠವನ್ನೂ ಕಲಿತರು. ಫೇರ್‌ಫೋನ್ 5ಕ್ಕೆ ಆರಿಸಿದ್ದು ಕಾರ್ಖಾನೆ ಯಂತ್ರಗಳಿಗೆ ಅಂತ ಮಾಡಿದ, ಜಾಸ್ತಿ ವರ್ಷ ಬೆಂಬಲ ಸಿಗುವ ಚಿಪ್.

ಈಗ ದೊಡ್ಡ ಕಂಪನಿಗಳೂ ಬದಲಾಗಿವೆ. 2023ರ ಅಕ್ಟೋಬರ್‌ನಲ್ಲಿ ಬಂದ ತನ್ನ ಪಿಕ್ಸೆಲ್ 8 ಫೋನಿಗೆ ಗೂಗಲ್ 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂದಿತು. ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೂ ಅಷ್ಟೇ ಅಂದಿತು. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೆ 6 ವರ್ಷ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಆಪಲ್ ಡಬ್ಬಿಯ ಮೇಲೆ ವರ್ಷ ಬರೆದು ಮಾರಿದ್ದಲ್ಲ, ಆದರೂ 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿತು.

ಆದರೆ 7 ಅನ್ನುವ ಅಂಕಿ ನೋಡಿ ಮರುಳಾಗಬೇಡಿ. ಪಿಕ್ಸೆಲ್ 8ರ ಲೆಕ್ಕ 2030ಕ್ಕೆ ಮುಗಿಯುತ್ತದೆ. 2027ರಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರಿಗೆ ಉಳಿಯೋದು ಮೂರೇ ವರ್ಷ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮ ಇಲ್ಲೇ ಜಾಣತನ ತೋರಿಸಿದೆ. ಅಲ್ಲಿ ಅಪ್‌ಡೇಟ್‌ನ 5 ವರ್ಷದ ಎಣಿಕೆ ಶುರುವಾಗೋದು ಮಾಡೆಲ್ ಬಿಡುಗಡೆಯಾದ ದಿನದಿಂದಲ್ಲ, ಅದನ್ನು ಮಾರುಕಟ್ಟೆಗೆ ಬಿಡುವುದು ನಿಂತ ದಿನದಿಂದ. ನಮ್ಮ ಅತ್ತಿಗೆಯ ಗೋಳು ಕೇಳಿಯೇ ಬರೆದ ಹಾಗಿದೆ, ಅಲ್ವಾ?

ಅತ್ತಿಗೆಯ ಫೋನ್ ಈಗಲೂ ಇದೆ. ಬ್ಯಾಂಕಿನ ಆ್ಯಪ್, ಯುಪಿಐ ಎಲ್ಲ ತೆಗೆದು, ಸಿಮ್ ಬಿಚ್ಚಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇವೆ. ಬೆಳಿಗ್ಗೆ ಅದರಲ್ಲಿ ಆಕಾಶವಾಣಿ ಹಾಡುತ್ತದೆ.

ಸರಿ, ನಿಮ್ಮ ಫೋನಿನ ತಾರೀಕು ಯಾವುದು? ಹಿಂದಿನ ಸಾಲಿನಿಂದ ಶುರುಮಾಡೋಣ.