ಪೀಠ ಇಲ್ಲದ ಪ್ರತಿಮೆಗಳು

ಎಲ್ಲರಿಗೂ ನಮಸ್ಕಾರ. ಇವತ್ತು ಆಗಸ್ಟ್ 23, ಗುಲಾಮರ ವ್ಯಾಪಾರವನ್ನು ನೆನೆಯಲು ಯುನೆಸ್ಕೊ ಗೊತ್ತು ಮಾಡಿದ ದಿನ. ಆ ಚರಿತ್ರೆ ನಿಮಗೆ ಗೊತ್ತಿದೆ. ಶಿಲ್ಪ ಕಲಿಯುವವರ ಹತ್ತಿರ ನಾನು ಜಗಳ ಆಡಲು ಬಂದಿರುವುದು ಪೀಠದ ಬಗ್ಗೆ.

ನಮ್ಮಲ್ಲಿ ಪ್ರತಿಮೆ ಅಂದ ಕೂಡಲೇ ಕೇಳುವುದು "ಎಷ್ಟು ಅಡಿ?" ಅಂತ. ಮುಖ ಹೋಲುತ್ತದೋ ಇಲ್ಲವೋ, ಅದು ಆಮೇಲೆ. ಜಯಂತಿ ದಿನ ಹಾರ ಹಾಕಲು ಏಣಿ ತರಬೇಕು. ಉಳಿದ 364 ದಿನ ಕಾಗೆಗೆ ಬಿಟ್ಟದ್ದು.

ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದ ಸ್ಟೋನ್ ಟೌನಿಗೆ ಬನ್ನಿ. ಅಲ್ಲಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಅದೇ ಜಾಗದಲ್ಲಿ ಈಗ ಚರ್ಚು. ಅದರ ಪಕ್ಕ ಸ್ವೀಡನ್ನಿನ ಕ್ಲಾರಾ ಸೋರ್ನಾಸ್ 1998ರಲ್ಲಿ ಮಾಡಿದ ಸ್ಮಾರಕ. ನೆಲದಲ್ಲಿ ಒಂದು ಗುಂಡಿ. ಒಳಗೆ ಐದು ಜನ. ಕೊರಳಿಗೆ ಕಬ್ಬಿಣದ ಪಟ್ಟಿ, ಒಬ್ಬರಿಂದ ಒಬ್ಬರಿಗೆ ಸರಪಳಿ. ಸರಪಳಿ ಆ ಕಾಲದ್ದೇ ಅಂದ, ತೋರಿಸಲು ಬಂದ ಹುಡುಗ. ನನಗೆ ಮೇಷ್ಟ್ರ ಚಾಳಿ ಬಿಡುತ್ತದೆಯೇ? ಅಂಚಿನಲ್ಲಿ ನಿಂತು ಭುಜ ನೋಡಿದೆ, ತೋಳು ನೋಡಿದೆ. ಕೆಲಸ ಒರಟು ಅಂತ ಮನಸ್ಸಿನಲ್ಲೇ ಮಾರ್ಕ್ಸ್ ಕಳೆದೆ. ಆಮೇಲೆ ಧಸಕ್ಕೆಂದಿತು. ಆ ಸಂತೆಗೆ ಕೊಳ್ಳಲು ಬಂದವನೂ ಹೀಗೇ ಭುಜ, ತೋಳು ನೋಡಿರಬೇಕು, ಅಲ್ವಾ? ಕುಕ್ಕರಗಾಲಲ್ಲಿ ಕೂತೆ. ಆಗಲೇ ಅವರ ಮುಖ ಕಂಡದ್ದು. ಏಳಲು ಮಂಡಿ ಕೇಳಲಿಲ್ಲ, ಆ ಹುಡುಗನೇ ಕೈ ಹಿಡಿದು ಎಬ್ಬಿಸಿದ. ಪೀಠದ ಮೇಲೆ ಇಟ್ಟಿದ್ದರೆ ನಾನು ಫೋಟೋ ತೆಗೆದು ಊಟಕ್ಕೆ ಹೋಗುತ್ತಿದ್ದೆ.

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಲಾರಾಂ ವಾಲೇರ್ ನಿಲ್ಲಿಸಿದ 15 ಬಿಳಿ ಮೂರ್ತಿಗಳಿವೆ. 1830ರ ಏಪ್ರಿಲ್ 8ರ ರಾತ್ರಿ ಅಲ್ಲಿ ಬಂಡೆಗೆ ಬಡಿದು ಒಡೆದ ಹಡಗಿನಲ್ಲಿದ್ದ ಗುಲಾಮರ ನೆನಪಿಗೆ. ಆ ಹೊತ್ತಿಗೆ ಈ ವ್ಯಾಪಾರಕ್ಕೆ ನಿಷೇಧ ಇತ್ತು. ಹಡಗು ಬಂದದ್ದು ಕದ್ದು. ಎರಡೂವರೆ ಮೀಟರ್ ಎತ್ತರ ಇವೆಯಲ್ಲ ಸಾರ್ ಅನ್ನುತ್ತೀರಿ. ಇವೆ. ಆದರೆ ಹುಲ್ಲಿನ ಮೇಲೇ, ತಲೆ ತಗ್ಗಿಸಿ, ಸಮುದ್ರಕ್ಕೆ ಮುಖ ಮಾಡಿ ನಿಂತಿವೆ. ದಿಕ್ಸೂಚಿಯಲ್ಲಿ 110 ಡಿಗ್ರಿ, ಆಫ್ರಿಕಾದ ಗಿನಿ ಕೊಲ್ಲಿಯ ಕಡೆಗೆ. ಪೀಠ ಇಲ್ಲ, ನೋಡಿ!

ಚೀಟಿ ಬಂತು. ಐದು ನಿಮಿಷ ಅಂತೆ. ಹಾಗಾದರೆ ಫ್ರಾನ್ಸಿನ ನಾಂತ್ ಊರಿನ ಸ್ಮಾರಕ ಬಿಡೋಣ. ಆಮ್‌ಸ್ಟರ್‌ಡ್ಯಾಮ್ ಮಾತ್ರ ಹೇಳಿಬಿಡುತ್ತೇನೆ. 2002ರ ಜುಲೈ 1, ಸ್ಮಾರಕದ ಅನಾವರಣ. ಒಳಗೆ ರಾಣಿ, ಗಣ್ಯರು. ಯಾರ ಅಜ್ಜ ಮುತ್ತಜ್ಜರಿಗಾಗಿ ಅದನ್ನು ಕಟ್ಟಿದರೋ ಆ ಜನ ಬೇಲಿಯಾಚೆ! ನಮ್ಮ ಶಾಮಿಯಾನದ ಮುಂದಿನ ಸೋಫಾ ಜ್ಞಾಪಕ ಬಂತಾ?

ಕೊನೆಗೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳು. ಅವರ ಹಿಂದಿನವರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದಿಳಿಸಿದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ನಾಳೆ ಅಲ್ಲೊಂದು ಸ್ಮಾರಕ ಅಂತ ಟೆಂಡರ್ ಕರೆದರೆ ನಿಮ್ಮಲ್ಲೇ ಯಾರೋ ಹೋಗುತ್ತೀರಿ. ಅಡಿಗಳ ಲೆಕ್ಕ ಆಮೇಲೆ. ಸ್ಮಾರಕ ಬೇಕಾ ಅಂತ ಮೊದಲು ಅವರನ್ನು ಕೇಳಿ. ಬೇಡ ಅಂದರೆ ಅವರ ಡಮಾಮಿ ಡೋಲು ಕೇಳಿ, ಚಹಾ ಕುಡಿದು, ಸುಮ್ನೆ ವಾಪಸ್ ಬನ್ನಿ.

ಕೊಟ್ಟೆ ಮಾರಾಯ್ರೇ, ಮೈಕು ಕೊಟ್ಟೆ.