ದನಿ ಬದಲಾದ ಮೇಲೂ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡಹೊರಟಿರುವುದು ಇಂಗ್ಲೆಂಡಿನ ಒಂದು ರಾಕ್ ತಂಡದ ಬಗ್ಗೆ. ಹೆಸರು ಐರನ್ ಮೇಡನ್. ಇವರ ಹಾಡುಗಳನ್ನು ನಾನು ಹಾಸ್ಟೆಲ್ ದಿನಗಳಿಂದಲೂ ಕೇಳುತ್ತಾ ಬಂದಿದ್ದೇನೆ. ಒಂದೇ ಸಮನೆ ಕೇಳಿದೆ ಅಂತ ಹೇಳಲಾರೆ. ನಡುವೆ ಕೆಲವು ವರ್ಷ ಬಿಟ್ಟೇ ಬಿಟ್ಟಿದ್ದೆ. ಆ ವರ್ಷಗಳ ಬಗ್ಗೆಯೇ ಇವತ್ತು ಸ್ವಲ್ಪ ಜಾಸ್ತಿ ಹೇಳಬೇಕು ಅನ್ನಿಸಿದೆ.

ತಂಡದ ಹೆಸರನ್ನೇ ಕೇಳದವರಿಗಾಗಿ ಎರಡು ಮಾತು. 1975ರ ಡಿಸೆಂಬರಿನಲ್ಲಿ, ಲಂಡನ್ನಿನ ಪೂರ್ವ ಭಾಗದ ಲೇಟನ್ ಎಂಬಲ್ಲಿ ಈ ತಂಡ ಹುಟ್ಟಿತು. ಕಟ್ಟಿದವರು ಸ್ಟೀವ್ ಹ್ಯಾರಿಸ್. ಆಗ ಅವರಿಗೆ 19 ವರ್ಷ. ನುಡಿಸುವುದು ಬೇಸ್ ಗಿಟಾರ್. ಎಷ್ಟೋ ತಂಡಗಳಲ್ಲಿ ಬೇಸ್ ಗಿಟಾರ್ ಹಿಂದೆಲ್ಲೋ ಗುಂಯ್‌ಗುಟ್ಟುತ್ತಿರುತ್ತದೆ. ಇಲ್ಲಿ ಹಾಗಲ್ಲ, ಹಾಡನ್ನು ಎಳೆದುಕೊಂಡು ಹೋಗುವುದೇ ಅದು. ಹ್ಯಾರಿಸ್ ಬೆರಳಿನಿಂದಲೇ ತಂತಿ ಮೀಟುತ್ತಾರೆ. ತಾ ತಕ, ತಾ ತಕ, ತಾ ತಕ ಅಂತ ಓಡುವ ಆ ನಡೆಯನ್ನು ಅಭಿಮಾನಿಗಳು ಕುದುರೆ ಓಟ ಅನ್ನುತ್ತಾರೆ. ಒಂದು ಸಲ ಕಿವಿಗೆ ಬಿದ್ದರೆ ಸಾಕು, ಕೂತಲ್ಲೇ ಕಾಲು ತಾಳ ಹಾಕುತ್ತದೆ.

ಮೊದಲ ಎರಡು ಆಲ್ಬಂಗಳಿಗೆ ಹಾಡಿದವರು ಪಾಲ್ ಡಿಯಾನೊ. 1981ರಲ್ಲಿ ಅವರು ಹೋದರು, ಬ್ರೂಸ್ ಡಿಕಿನ್ಸನ್ ಬಂದರು. ಮುಂದಿನ ವರ್ಷದಿಂದ 1988ರವರೆಗೆ ಬಂದ ಐದು ಆಲ್ಬಂಗಳೇ ಈ ತಂಡವನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು. ನಮ್ಮ ಹಾಸ್ಟೆಲ್ಲಿಗೂ ಅವೇ ಬಂದವು, ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಸಿಕೊಂಡ ರೂಪದಲ್ಲಿ. ಲೇಬಲ್ ಮೇಲೆ ಯಾರೋ ಪೆನ್ನಿನಲ್ಲಿ ಬರೆದ ಹೆಸರು ಬಿಟ್ಟರೆ ಬೇರೆ ಮಾಹಿತಿ ಇಲ್ಲ. ಹಾಡಿದವರು ಯಾರು, ಬರೆದವರು ಯಾರು, ಏನೂ ಗೊತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1984ರ ಆಲ್ಬಮಿನ ಕೊನೆಯ ಹಾಡು. 13 ನಿಮಿಷಕ್ಕೂ ಜಾಸ್ತಿ ಇದೆ. ಆಲ್ಬಟ್ರಾಸ್ ಹಕ್ಕಿಯನ್ನು ಕೊಂದ ನಾವಿಕನ ಕತೆ. ಕೋಲ್‌ರಿಜ್ ಬರೆದ ಅದೇ ಪದ್ಯ ನಮ್ಮ ಇಂಗ್ಲಿಷ್ ತರಗತಿಯಲ್ಲೂ ಇತ್ತು. ಪರೀಕ್ಷೆಗೆ ಅಂತ ಸಾರಾಂಶ ಬಾಯಿಪಾಠ ಮಾಡಿದ್ದೆ, ಅಷ್ಟೇ. ಹಾಡಿನ ನಡುವೆ ಗಿಟಾರು, ಡ್ರಮ್ಮುಗಳ ಅಬ್ಬರವೆಲ್ಲ ನಿಂತುಹೋಗುವ ಒಂದು ಜಾಗ ಬರುತ್ತದೆ. ಗಾಳಿಯಿಲ್ಲ. ಹಡಗು ಕದಲುವುದಿಲ್ಲ. ಮೆಲ್ಲನೆಯ ಬೇಸ್, ಮರದ ಹಲಗೆಗಳು ಕಿರ್ ಅನ್ನುವ ಸದ್ದು. ಅಲ್ಲಿಗೆ ಬಂದಾಗ ಆ ನಾವಿಕನ ಭಯ ನನಗೆ ಅರ್ಥವಾಯಿತು. ಪದ್ಯವನ್ನು ಮತ್ತೆ ತೆಗೆದು, ಈ ಸಲ ಪೂರ್ತಿ ಓದಿದೆ.

ಇನ್ನು 90ರ ದಶಕಕ್ಕೆ ಬರೋಣ. 1993ರಲ್ಲಿ ಡಿಕಿನ್ಸನ್ ತಂಡ ಬಿಟ್ಟರು. ಮರುವರ್ಷ ಅವರ ಜಾಗಕ್ಕೆ ಬರ್ಮಿಂಗ್‌ಹ್ಯಾಮಿನ ಬ್ಲೇಜ್ ಬೇಲಿ ಬಂದರು. ಎರಡು ಆಲ್ಬಂ ಬಂತು, 1995ರಲ್ಲಿ ಒಂದು, 1998ರಲ್ಲಿ ಇನ್ನೊಂದು. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. 95ರ ಕ್ಯಾಸೆಟ್ ಕೊಂಡು ತಂದು ಕೇಳಿದೆ. ಹಾಡುಗಳು ಭಾರವಾಗಿದ್ದವು, ಕತ್ತಲೆ ತುಂಬಿಕೊಂಡಿದ್ದವು. ಆ ದಿನಗಳಲ್ಲಿ ಹ್ಯಾರಿಸ್ ಅವರ ಮದುವೆ ಮುರಿದುಬೀಳುತ್ತಿತ್ತು ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದನಿಯಂತೂ ಬೇರೆಯೇ. ಕ್ಯಾಸೆಟ್ ಪೆಟ್ಟಿಗೆ ಸೇರಿತು. 98ರದ್ದನ್ನು ಕೊಳ್ಳಲೇ ಇಲ್ಲ.

ಬೇಲಿ ಅವರನ್ನು ಆಗ ಅಭಿಮಾನಿಗಳು ಬಹಳ ಬೈದರು. ಅದು ಅನ್ಯಾಯ ಅಂತ ಖಂಡಿತವಾಗಿ ಹೇಳುತ್ತೇನೆ. ಡಿಕಿನ್ಸನ್ ಅವರದು ತಾರಸ್ಥಾಯಿಯಲ್ಲಿ ಸಲೀಸಾಗಿ ಹಾರಾಡುವ ದನಿ. ಬೇಲಿಯವರದು ಕೆಳಗಿನ, ದಪ್ಪ ದನಿ. ನಮ್ಮ ಸಂಗೀತ ಕಛೇರಿಯಲ್ಲಿ ಏನು ಮಾಡುತ್ತಾರೆ? ಹಾಡುವವರ ದನಿಗೆ ತಕ್ಕಂತೆ ಶ್ರುತಿ ಇಟ್ಟುಕೊಳ್ಳುತ್ತಾರೆ. ಪಿಟೀಲು, ಮೃದಂಗ ಎಲ್ಲವೂ ಆ ಶ್ರುತಿಗೆ ಸೇರಿಕೊಳ್ಳುತ್ತವೆ. ಇಲ್ಲಿ ಹಾಗಾಗಲಿಲ್ಲ. ಡಿಕಿನ್ಸನ್ ಅವರಿಗಾಗಿ ಕಟ್ಟಿದ ಹಳೆಯ ಹಾಡುಗಳನ್ನು ಅದೇ ಎತ್ತರದಲ್ಲಿ, ರಾತ್ರಿ ರಾತ್ರಿ ಹಾಡಬೇಕಾಯಿತು. ಗಂಟಲು ಕೈಕೊಟ್ಟು ಕಾರ್ಯಕ್ರಮಗಳು ರದ್ದಾದವು. ಯಾರ ಗಂಟಲು ತಾನೇ ತಡೆದೀತು, ಅಲ್ವಾ? ತಂಡ ಶ್ರುತಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದರೆ ಆ ಐದು ವರ್ಷಗಳ ಕತೆಯೇ ಬೇರೆಯಾಗುತ್ತಿತ್ತು.

1999ರಲ್ಲಿ ಡಿಕಿನ್ಸನ್ ಮರಳಿ ಬಂದರು. ಜೊತೆಗೆ ಹಳೆಯ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಬಂದರು. ಅವರು ಬಂದರು ಅಂತ ನಡುವೆ ಸೇರಿದ್ದ ಯಾನಿಕ್ ಗರ್ಸ್ ಅವರನ್ನು ಕಳಿಸಲಿಲ್ಲ. ಮೂರು ಗಿಟಾರ್ ಆದವು. 2001ರ ಜನವರಿ 19ರಂದು ಬ್ರೆಜಿಲಿನ ರಿಯೊ ನಗರದಲ್ಲಿ ಸುಮಾರು 2,50,000 ಜನರ ಮುಂದೆ ಹಾಡಿದರು. ಮರುವರ್ಷ ಅದರ ರೆಕಾರ್ಡಿಂಗ್ ಹೊರಬಂತು. ಅದನ್ನು ಕೇಳುತ್ತಿರುವಾಗ ಒಂದು ಹಾಡು ನನಗೆ ಗೊತ್ತೇ ಇರಲಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಹಾಡು. ಹೆಸರು 'ದಿ ಕ್ಲಾನ್ಸ್‌ಮನ್'. ಮೆಲ್ಲಗೆ ಶುರುವಾಗಿ, ಕೊನೆಗೆ ಇಡೀ ಮೈದಾನ ಸ್ವಾತಂತ್ರ್ಯ ಅಂತ ಕೂಗುತ್ತದೆ. ಹೊಸದಿರಬೇಕು ಅಂದುಕೊಂಡೆ. ಹುಡುಕಿದರೆ ನಾನು ಕೊಳ್ಳದೇ ಬಿಟ್ಟ 98ರ ಆಲ್ಬಮಿನದು! ಅದೇ ರಾತ್ರಿ ಹಾಡಿದ ಇನ್ನೊಂದು ದೊಡ್ಡ ಹಾಡು 'ಸೈನ್ ಆಫ್ ದಿ ಕ್ರಾಸ್', ಪೆಟ್ಟಿಗೆ ಸೇರಿದ್ದ 95ರ ಕ್ಯಾಸೆಟ್ಟಿನದು.

ಪೆಟ್ಟಿಗೆ ತೆರೆದೆ. ಬೇಲಿಯವರ ದನಿಯಲ್ಲೇ ಅದನ್ನು ಕೇಳಿದೆ. 98ರದ್ದನ್ನೂ ತಂದೆ. ಅವರಿಗಾಗಿಯೇ ಹುಟ್ಟಿದ ಹಾಡುಗಳಲ್ಲಿ ಆ ದಪ್ಪ ದನಿ ಎಷ್ಟು ಚೆನ್ನಾಗಿ ಕೂರುತ್ತದೆ! ಡಿಕಿನ್ಸನ್ ಹಾಡಿದರೆ ಯೋಧನೊಬ್ಬ ಬೆಟ್ಟದ ತುದಿಯಲ್ಲಿ ನಿಂತು ಸಾರಿದ ಹಾಗಿರುತ್ತದೆ. ಬೇಲಿ ಹಾಡುವಾಗ ದಣಿದ ಮನುಷ್ಯನೊಬ್ಬ ಪಕ್ಕದಲ್ಲಿ ಕೂತು ಹೇಳಿಕೊಳ್ಳುತ್ತಾನೆ. ಎರಡೂ ಬೇಕು ನನಗೆ.

ನಮ್ಮ ಬೆಂಗಳೂರಿನ ಮಾತು ಹೇಳದಿದ್ದರೆ ಹೇಗೆ! 2007ರ ಮಾರ್ಚ್ 17, ಅರಮನೆ ಮೈದಾನ. ಈ ತಂಡ ಭಾರತಕ್ಕೆ ಬಂದದ್ದು ಅದೇ ಮೊದಲು. ದೇಶದ ಮೂಲೆ ಮೂಲೆಯಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ಮಧ್ಯಾಹ್ನಕ್ಕೇ ಮೇಖ್ರಿ ಸರ್ಕಲ್ ಕಡೆಯ ರಸ್ತೆಯೆಲ್ಲ ಕಪ್ಪು ಟೀ ಶರ್ಟು. ದೆಹಲಿಯ ಪರಿಕ್ರಮ ತಂಡ ಮೊದಲು ನುಡಿಸಿತು. ಆಮೇಲೆ ಮೇಡನ್. ಶುರು ಮಾಡಿದ್ದು ಹಿಂದಿನ ವರ್ಷವಷ್ಟೇ ಬಂದ ಆಲ್ಬಮಿನ ಹಾಡಿನಿಂದ. ಮೊದಲ ಸಲ ಬಂದ ಊರಿನಲ್ಲಿ ಹಳೆಯ ಜನಪ್ರಿಯ ಹಾಡುಗಳಿಂದ ಶುರು ಮಾಡುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಈಗ ನಾವು ಹೀಗಿದ್ದೇವೆ, ಮೊದಲು ಇದನ್ನು ಕೇಳಿ ಅಂದ ಹಾಗಿತ್ತು. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ಅಲ್ಲೇ.

ಯುದ್ಧದ ವಸ್ತು ಮತ್ತೆ ಮತ್ತೆ ಬರುವ ಆಲ್ಬಂ ಅದು. ಅಣುಬಾಂಬಿನ ಮೇಲೆ ಒಂದು ಹಾಡಿದೆ. ಸಾವಿರ ಸೂರ್ಯರಿಗಿಂತ ಪ್ರಖರ ಅನ್ನುವ ಅರ್ಥದ ಹೆಸರು. ಆ ಮಾತಿನ ಬೇರು ಭಗವದ್ಗೀತೆಯ ಹನ್ನೊಂದನೇ ಅಧ್ಯಾಯದಲ್ಲಿದೆ, 'ದಿವಿ ಸೂರ್ಯಸಹಸ್ರಸ್ಯ' ಎಂಬ ಶ್ಲೋಕ. ನಮ್ಮ ಮನೆಯಲ್ಲಿ ಅಜ್ಜ ಪಾರಾಯಣ ಮಾಡುತ್ತಿದ್ದದ್ದು ಎಲ್ಲೆಲ್ಲೋ ಸುತ್ತಿ ಲಂಡನ್ನಿನ ಹಾಡಿಗೆ ಬಂದಿತ್ತು.

2009ರ ಫೆಬ್ರವರಿಯಲ್ಲಿ ಮತ್ತೆ ಅದೇ ಮೈದಾನಕ್ಕೆ ಬಂದರು. ಆ ಸಲ ಬಹುಪಾಲು 80ರ ದಶಕದ ಹಾಡುಗಳು. ಎಲ್ಲರಿಗೂ ಖುಷಿ, ನನಗೂ ಖುಷಿ. ಆದರೆ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಮೊದಲನೆಯದೇ.

ಆಮೇಲಿನ ವರ್ಷಗಳು ಬೇರೆ ತರಹ. ಡಿಕಿನ್ಸನ್ ಅವರಿಗೆ ನಾಲಿಗೆಯ ಕ್ಯಾನ್ಸರ್ ಆಗಿದೆ ಅನ್ನುವ ಸುದ್ದಿ 2015ರಲ್ಲಿ ಬಂತು. ಗುಣವಾಗಿ, ಮತ್ತೆ ವೇದಿಕೆ ಹತ್ತಿದರು. ಡ್ರಮ್ಮರ್ ನಿಕೋ ಮೆಕ್‌ಬ್ರೈನ್ ಅವರಿಗೆ 2023ರ ಜನವರಿಯಲ್ಲಿ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. 70 ದಾಟಿದ ಮನುಷ್ಯ ಅದೇ ವರ್ಷ ಮೇ ತಿಂಗಳಲ್ಲಿ ಡ್ರಮ್ ಮುಂದೆ ಕೂತಿದ್ದರು. 1986ರ ಆಲ್ಬಮಿನಲ್ಲಿ ಅಲೆಕ್ಸಾಂಡರನ ಮೇಲೆ ಒಂದು ಹಾಡಿದೆ. ಅದನ್ನು ತಂಡ ವೇದಿಕೆಯಲ್ಲಿ ಒಮ್ಮೆಯೂ ನುಡಿಸಿರಲಿಲ್ಲ. ಮೊದಲ ಸಲ ನುಡಿಸಿದ್ದು ಆ 2023ರ ಪ್ರವಾಸದಲ್ಲಿ, 37 ವರ್ಷಗಳ ನಂತರ. ಫೋನಿನಲ್ಲಿ ಆ ವಿಡಿಯೊ ನೋಡುವಾಗ ನಾನು ಕಣ್ಣಿಟ್ಟಿದ್ದು ನಿಕೋ ಅವರ ಬಲಗೈ ಮೇಲೆ. ಕೆಲವು ಕಡೆ ಮೊದಲಿನ ವೇಗ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

2024ರ ಅಕ್ಟೋಬರಿನಲ್ಲಿ ಪಾಲ್ ಡಿಯಾನೊ ತೀರಿಕೊಂಡರು. 66 ವರ್ಷ. ಕಾಲು ಸೋತ ಮೇಲೂ ಗಾಲಿಕುರ್ಚಿಯಲ್ಲಿ ಕೂತು ಹಾಡುತ್ತಿದ್ದರು. ಅದೇ ಡಿಸೆಂಬರಿನಲ್ಲಿ ನಿಕೋ ಪ್ರವಾಸಗಳಿಂದ ನಿವೃತ್ತಿ ಪಡೆದರು. ಅವರ ಜಾಗದಲ್ಲಿ ಈಗ ಸೈಮನ್ ಡಾಸನ್ ನುಡಿಸುತ್ತಿದ್ದಾರೆ. ತಂಡದ 50 ವರ್ಷದ ನೆಪದಲ್ಲಿ 2025ರಲ್ಲಿ ಹೊಸ ಪ್ರವಾಸ ಶುರುವಾಯಿತು. ಅದಕ್ಕೆ ಆರಿಸಿಕೊಂಡದ್ದು 1980ರಿಂದ 1992ರವರೆಗಿನ ಹಾಡುಗಳನ್ನು ಮಾತ್ರ. ಅಂದರೆ ಬೇಲಿಯವರ ಕಾಲದ ಹಾಡು ಒಂದೂ ಇಲ್ಲ. 50 ವರ್ಷದ ಲೆಕ್ಕ ಹಾಕುವಾಗ ಆ ಐದು ವರ್ಷ ಬಿಡಬಾರದಿತ್ತು ಅಂತ ನನ್ನ ಅನಿಸಿಕೆ. ತಂಡ ಬಿದ್ದುಹೋಗದಂತೆ ಹೆಗಲು ಕೊಟ್ಟವರು ಅವರು.

ಕುತೂಹಲ ಇದ್ದವರು 'ದಿ ಕ್ಲಾನ್ಸ್‌ಮನ್' ಹುಡುಕಿ ಕೇಳಿ. ಮೊದಲು 1998ರದ್ದು, ಬ್ಲೇಜ್ ಬೇಲಿ ಹಾಡಿದ್ದು. ಆಮೇಲೆ ರಿಯೊದ್ದು. ಒಂಬತ್ತು ನಿಮಿಷದ ಹಾಡು, ಪೂರ್ತಿ ಕೇಳಿ. ನಮಸ್ಕಾರ.