ಕಣಕ ಸ್ವಲ್ಪ ಬಿಗಿ ಆಗೋಯ್ತು

ಯುಗಾದಿ ಬೆಳಗ್ಗೆ. ಮೈಸೂರು, ನಮ್ಮ ಅಡುಗೆಮನೆ. ನೀವು ನೋಡುತ್ತಿರುವ ಈ ಕೈಗಳು ನಮ್ಮಮ್ಮನವು.

ಅರ್ಧ ಕೆಜಿ ತೊಗರಿಬೇಳೆ ಪಾತ್ರೆಯಲ್ಲೇ ಬೇಯುತ್ತಿದೆ. ಒಬ್ಬಟ್ಟಿಗೆ ಕುಕ್ಕರ್ ಬೇಡ ಅಂತಾಳೆ ಅಮ್ಮ. ಬೇಳೆ ಬೆರಳಲ್ಲಿ ಒತ್ತಿದರೆ ಮೆತ್ತಗಿರಬೇಕು, ಆದರೆ ಕರಗಿ ಹೋಗಬಾರದು. ಕಟ್ಟು ಬಸಿದು ಸಾರಿಗೆ ಎತ್ತಿಟ್ಟಳು. ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ ಹಾಕಿ ಕಲಸಿದ ಕಣಕ ಅಲ್ಲಿ ಎಣ್ಣೆಯಲ್ಲಿ ನೆನೆಯುತ್ತಿದೆ.

ಈಗ ಮಧ್ಯಾಹ್ನ 1.30. ಎಲೆ ಹಾಕಿದ್ದೇವೆ. ಚಿಕ್ಕಪ್ಪ ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅತ್ತಿಗೆ, ಬಹಳ ಚೆನ್ನಾಗಿದೆ" ಅಂದರು. ಅಮ್ಮ ಏನಂದಳು ಕೇಳಿ.

"ಎಲ್ಲಿ ಚೆನ್ನಾಗಿದೆ? ಈ ಸಲ ಕಣಕ ಸ್ವಲ್ಪ ಬಿಗಿ ಆಗೋಯ್ತು. ಸಾರಿಗೂ ಹುಳಿ ಮುಂದಾಯ್ತು."

ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ನಾವೆಲ್ಲ ಒಟ್ಟಿಗೆ "ಅಯ್ಯೋ ಇಲ್ಲಮ್ಮ, ಸೂಪರ್ ಆಗಿದೆ" ಅಂದೆವು. ಮಾತು ಅಲ್ಲಿಗೆ ನಿಂತಿತು. ಅಮ್ಮ ಒಳಗೆ ಹೋದಳು.

ನಾನು ಬಹಳ ವರ್ಷ ಇದನ್ನು ಸಂಕೋಚ ಅಂದುಕೊಂಡಿದ್ದೆ. ಹೊಗಳಿದರೆ ನಾಚಿಕೆ, ಅಷ್ಟೇ ಅಂತ. ಪಕ್ಕದಲ್ಲಿ ನಿಂತು ಅಡುಗೆ ಮಾಡಿದ ಮೇಲೆ ಬೇರೆ ಏನೋ ಕಾಣಿಸಿತು.

ಮೊದಲನೆಯದು, ಹಬ್ಬದ ದಿನ ಅಮ್ಮ ರುಚಿ ನೋಡುವ ಹಾಗೇ ಇಲ್ಲ. ದೇವರಿಗೆ ನೈವೇದ್ಯ ಆಗುವವರೆಗೆ ಒಂದು ಹನಿ ಸಾರೂ ನಾಲಿಗೆಗೆ ತಾಗುವುದಿಲ್ಲ. ಉಪ್ಪು, ಹುಳಿ, ಬೆಲ್ಲ ಎಲ್ಲ ಕೈ ಅಂದಾಜು. ಬೆಳಗ್ಗೆಯಿಂದ ಅದೇ ವಾಸನೆಯಲ್ಲಿ ನಿಂತವರ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ದೇವರಮನೆಯಲ್ಲಿ ಕೂತವರಿಗೆ ಸ್ವಲ್ಪ ಹೊತ್ತಿಗೆ ಊದುಬತ್ತಿ ಘಮ ಗೊತ್ತಾಗುವುದಿಲ್ಲವಲ್ಲ, ಹಾಗೆ. ವಾಸನೆ ಸರಿಯಾಗಿ ಸಿಗದಿದ್ದರೆ ರುಚಿಯೂ ಸಪ್ಪೆ. ನಮಗೆ ಬಾಗಿಲಲ್ಲೇ ಮೂಗಿಗೆ ಬಡಿದ ಏಲಕ್ಕಿ ಅವಳಿಗೆ ಸಿಕ್ಕಿರುವುದೇ ಇಲ್ಲ. ಕೊನೆಗೆ ಕೂತಾಗ ಎಲೆಗೆ ಬೀಳುವುದು ಆರಿದ ಒಬ್ಬಟ್ಟು. ನಾವು ತಿಂದ ಬಿಸಿ ಒಬ್ಬಟ್ಟನ್ನು ಅವಳು ತಿಂದೇ ಇಲ್ಲ!

ಇನ್ನೊಂದು ಇದೆ. ಅದನ್ನು ಹೇಳಲು ಸ್ವಲ್ಪ ಕಷ್ಟ. ಮದುವೆಯಾಗಿ ಬಂದ ಹೊಸದರಲ್ಲಿ ಎಲೆ ಮುಂದೆ ಕೂತವರು ಬಾಯಿ ತೆರೆದರೆ ಮೊದಲು ಬರುತ್ತಿದ್ದುದು ತಪ್ಪೇ ಅಂತೆ. ಅವರು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ನೋವು ಕಮ್ಮಿ. ನೆಂಟರು ಬಂದಾಗ "ಏನೋ ಮಾಡಿದ್ದೀನಿ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾಳಲ್ಲ, ಅದು ಅಲ್ಲಿಂದ ಬಂದದ್ದು. ಆ ಮಾತು ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಅದು ನಿಲ್ಲಬೇಕು.

ಆದರೆ "ಕಣಕ ಬಿಗಿ ಆಗೋಯ್ತು" ಅನ್ನುವುದು ಆ ಜಾತಿಯ ಮಾತಲ್ಲ. ಅದು ಕೆಲಸ ಬಲ್ಲವಳ ಮಾತು.

ಹೋದ ವರ್ಷದಿಂದ ನಾನು ಅಮ್ಮನ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. "ಹೂರಣ ನೀರಾಯ್ತು. ಬೆಲ್ಲ ಹಾಕಿದ ಮೇಲೆ ಇನ್ನೂ ಬಾಡಿಸಬೇಕಿತ್ತು." "ರುಬ್ಬುವಾಗ ನೀರು ತಾಗಿಸಬಾರದಿತ್ತು." "ಕಾವಲಿ ಜಾಸ್ತಿ ಕಾದಿತ್ತು." ಅವಳನ್ನು ರೆಸಿಪಿ ಕೇಳಿದಾಗಲೆಲ್ಲ ಸಿಕ್ಕಿದ್ದು "ಬೇಳೆ, ಬೆಲ್ಲ, ಕಾಯಿ, ಏಲಕ್ಕಿ, ಇನ್ನೇನಿದೆ" ಅಂತ ಮಾತ್ರ. ನಿಜವಾದ ರೆಸಿಪಿ ಈ ದೂರುಗಳಲ್ಲಿತ್ತು. "ಸೂಪರ್" ಅಂತ ಹೇಳಿ ನಾವೇ ಪ್ರತಿ ಸಲ ಅವಳ ಬಾಯಿ ಮುಚ್ಚಿಸುತ್ತಿದ್ದೆವು.

ಅದಕ್ಕೇ ಇವತ್ತು ಅಮ್ಮನ ಹಿಂದೆಯೇ ಅಡುಗೆಮನೆಗೆ ಹೋದೆ. "ಬಿಗಿ ಆಯ್ತು ಅಂದ್ಯಲ್ಲ, ಏನು ಮಾಡಬೇಕಿತ್ತು?" ಅಂದೆ.

ಒಂದು ನಿಮಿಷ ನನ್ನ ಮುಖ ನೋಡಿದಳು. ಆಮೇಲೆ ಸೌಟು ಕೆಳಗಿಟ್ಟಳು. ಒಂದು ಒಬ್ಬಟ್ಟು ಮುರಿದು ಅಂಚು ತೋರಿಸಿದಳು. "ನೋಡು, ಇಲ್ಲಿ ಹಿಟ್ಟೇ ಜಾಸ್ತಿ, ಹೂರಣ ಅಂಚಿನವರೆಗೂ ಹೋಗಿಲ್ಲ. ಕಣಕ ಇನ್ನೊಂದು ಗಂಟೆ ನೆನೀಬೇಕಿತ್ತು. ಎಳೆದರೆ ರಬ್ಬರ್ ಥರ ಬರಬೇಕು, ಹರೀಬಾರದು." ಕಣ್ಣಲ್ಲಿ ಎಂಥ ಹೊಳಪು ಗೊತ್ತಾ! ಚಿಕ್ಕಮ್ಮನೂ ಬಂದು ನಿಂತರು. ಅವರು ಉಳಿದ ಉಂಡೆಗಳಲ್ಲಿ ಒಂದನ್ನು ತಟ್ಟಿ ಕಾವಲಿಗೆ ಹಾಕಿದರು. ಅಮ್ಮ ಮಾತಾಡುತ್ತಾ ನಿಂತಲ್ಲೇ ಬಿಸಿಬಿಸಿ ತಿಂದಳು.

ಆ ಹತ್ತು ನಿಮಿಷ ಒಂದು ಚೂರೂ ಕಟ್ ಮಾಡದೆ ಮುಂದೆ ಹಾಕಿದ್ದೇನೆ. ಫ್ಯಾನ್ ಸದ್ದು ಇದೆ, ವಾಲ್ಯೂಮ್ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.